ಒತ್ತಿ ಹೇಳಿದ ಮಾತು

ಆ ಮೇಲ್ ಓದಿದ್ದೇ ತಡ, ಚಿತ್ರಕಾರನಿಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳ ಪುಸ್ತಕಕ್ಕೆಂದು ಅವನು ಬರೆದ ಆನೆಯ ಬಗ್ಗೆ ಪ್ರಕಾಶನದ ಸಂಪಾದಕಿ ಕಳಿಸಿದ್ದಳು: ‘ಆನೆ ನಗುವುದು ಬೇಡ, ನಾಚಲಿ.’ ಕೊನೆಯ ಪದ ಕಪ್ಪಗೆ ದಪ್ಪಕ್ಷರದಲ್ಲಿತ್ತು. ಕೆಳಗೊಂದು ಗೆರೆ ಬೇರೆ!

ಎದುರೆದುರೇ ಕೇಳಿಬಿಡೋಣವೆಂದು ಆಫೀಸಿಗೆ ಹೋದ.

“ಏನ್ರೀ, ಮೇಲ್‌ನಲ್ಲಿ ಹೀಗಾ ಗದರೋದು?”

ಕಿಟಕಿ ಪಕ್ಕದ ಮೇಜಿನಲ್ಲಿದ್ದವಳು ತಲೆಯೆತ್ತಿದಳು. “ಗದರಿದ್ದಲ್ಲ. ನೀವು ಉದ್ದದ ಮೇಲ್ ಪೂರ್ತಿ ಓದಲ್ಲ. ಕಣ್ಣಿಗೆ ಬೀಳಲೇಬೇಕಾದ್ದನ್ನ ದಪ್ಪ ಮಾಡಿದೆ, ಅಷ್ಟೇ.” ಆಮೇಲೆ ಅವನನ್ನೇ ದಿಟ್ಟಿಸಿ, “ಕೋಪ ಬಂದ್ರೆ ನಿಮ್ಮ ಕಿವಿ ಕೆಂಪಾಗತ್ತೆ. ಆನೆಗೂ ಅದೇ ಬಣ್ಣ ಹಚ್ಚಿ, ತಾನೇ ನಾಚತ್ತೆ” ಎಂದಳು.

ಜಗಳಕ್ಕೆ ಬಂದವನು ನಕ್ಕುಬಿಟ್ಟ.

ಆಗಲೇ ಅವನು ಗಮನಿಸಿದ್ದು, ಅವಳ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ನರ ಒತ್ತಿಕೊಂಡು ಬೆರಳು ಜೋಮು ಹಿಡಿಯುತ್ತಿತ್ತು, ಮೌಸ್ ಮುಟ್ಟುವಂತಿರಲಿಲ್ಲ. ಕೆಲಸವೆಲ್ಲ ಎಡಗೈಯದೇ.

“ಮೌಸೇ ಬೇಡ, ಕೀಬೋರ್ಡಲ್ಲಿ ಕಂಟ್ರೋಲ್ ಹಿಡಿದು ಬಿ ಒತ್ತಿದ್ರೆ ದಪ್ಪ. ಐ ಒತ್ತಿದ್ರೆ ಅಕ್ಷರ ವಾಲತ್ತೆ, ನಿಮ್ಮ ಹಾಗೆ.”

“ನಾನೆಲ್ಲಿ ವಾಲಿದೆ?”

“ಮತ್ತೆ, ಕುರ್ಚಿ ಬಿಟ್ಟು ನನ್ನ ಮೇಜಿನ ಮೇಲೇ ಇದೀರಲ್ಲ!”

ಅವನು ಸರಕ್ಕನೆ ಹಿಂದೆ ಸರಿದ. ಕಣ್ಣು ಮಾತ್ರ ಅಲ್ಲೇ ಉಳಿಯಿತು. ಅವಳ ಬೆರಳುಗಳು ಸದ್ದಿಲ್ಲದೆ ಓಡಾಡುತ್ತಿದ್ದವು. ಪರದೆಯ ಮೇಲೆ ಗೋಜಲಾಗಿದ್ದ ಪತ್ರ ನೋಡನೋಡುತ್ತಲೇ ಪುಟ್ಟ ಪುಟ್ಟ ಸಾಲುಗಳಾಗಿ ಒಪ್ಪವಾಯಿತು. ಓದುವವನಿಗೆ ಒಂದಿಷ್ಟೂ ತೊಡಕಾಗಬಾರದೆಂದು ಎಷ್ಟೊಂದು ಅಕ್ಕರೆ! ಇಷ್ಟು ನೋವಿನಲ್ಲೂ ಈಕೆ ಪರರ ಕಣ್ಣಿಗೆ ದಾರಿ ಮಾಡಿಕೊಡುತ್ತಿದ್ದಾಳಲ್ಲ ಎಂದು ಅವನಿಗೆ ಎದೆ ತುಂಬಿ ಬಂತು.

ಅಂದಿನಿಂದ ಅವನಿಗೆ ಆಫೀಸಿಗೆ ಬರಲು ನೆಪಗಳ ಬರವಿರಲಿಲ್ಲ. ಆನೆಯ ಬಾಲ ಗಿಡ್ಡವಾಯಿತೇ, ಮೋಡಕ್ಕೆ ನೀಲಿ ಸಾಲದೇ? “ಇದನ್ನ ಫೋನಲ್ಲಿ ಕೇಳಬಹುದಿತ್ತಲ್ಲ?” ಎಂದು ಅವಳು ಹುಬ್ಬೇರಿಸುತ್ತಿದ್ದಳು. ಪಕ್ಕದ ಕುರ್ಚಿಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಮಣಿಕಟ್ಟಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಅವಳು ನಗಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಅವನು ಮೇಲ್ ಬರೆಯಲು ಕೂತ. ಒಂದು ಪದ ದಪ್ಪ ಮಾಡಿದ, ಇನ್ನೊಂದಕ್ಕೆ ಗೆರೆ ಎಳೆದ, ಬಣ್ಣ ಹಚ್ಚಿದ. ಕೊನೆಗೆ ಅವಳೇ ಇನ್ನೊಮ್ಮೆ ಕಲಿಸಿದ್ದ ಕೀಲಿ ಒತ್ತಿ ಅಲಂಕಾರವನ್ನೆಲ್ಲ ಅಳಿಸಿ ಕಳಿಸಿದ: ‘ನಿಮ್ಮ ಕೈ ಸರಿಹೋದರೂ, ಹೋಗದಿದ್ದರೂ, ನಿಮ್ಮ ಪಕ್ಕದಲ್ಲೇ ಇರುವ ಆಸೆ.’

ಉತ್ತರ ಬರಲಿಲ್ಲ. ಮರುದಿನ ಸಂಜೆ ತಡೆಯಲಾರದೆ ಆಸ್ಪತ್ರೆಗೆ ಓಡಿದ.

ದಿಂಬಿಗೊರಗಿದ್ದ ಅವಳ ಮುಖ ಬಾಡಿತ್ತು. “ಮೇಲ್ ಓದಿದೆ. ಯಾವ ಪದಾನೂ ಎದ್ದು ಕಾಣ್ಲಿಲ್ಲ.”

“ಒಂದನ್ನ ದಪ್ಪ ಮಾಡಿದ್ರೆ ಉಳಿದಿದ್ದೆಲ್ಲ ಹಗುರ ಅನ್ನಿಸ್ತಿತ್ತು.”

ಅವಳ ತುಟಿಯಂಚು ಅರಳಿ ಮತ್ತೆ ಮುದುಡಿತು. “ಬೆರಳು ಯಾವಾಗ ಚುರುಕಾಗತ್ತೋ ಗೊತ್ತಿಲ್ಲ. ಅಲ್ಲೀವರೆಗೆ ಕೆಲಸ ಇರತ್ತೋ, ಅದೂ ಗೊತ್ತಿಲ್ಲ. ಕನಿಕರ ಆಗಿದ್ರೆ ಈಗ್ಲೇ ಹೇಳಿಬಿಡಿ.”

“ಕನಿಕರಾನಾ! ನಿಮ್ಮನ್ನ ಕಂಡ್ರೆ ನಂಗೆ ಹೆದರಿಕೆ ಕಣ್ರೀ. ಚಿತ್ರ ಬರೀವಾಗೆಲ್ಲ ನೀವೇನಂತೀರೋ ಅನ್ನೋದೇ ಯೋಚನೆ. ಚೆನ್ನಾಗಿದೆ ಅಂತ ನೀವಂದ ದಿನ ಊಟ ಸೇರಲ್ಲ, ಅಷ್ಟು ಖುಷಿ. ನಂಗೆ ನೀವು ಬೇಕು.”

ಅವಳ ಕಣ್ಣಂಚು ಒದ್ದೆಯಾಯಿತು. ಮೆಲ್ಲನೆ ಎಡಗೈ ಚಾಚಿ ಅವನ ಕೈ ಹಿಡಿದಳು. ಹಿಡಿತ ಬಲವಾಗಿತ್ತು.

“ಅಮ್ಮ ಹೊರಗೆ ಬೆಂಚಿನ ಮೇಲಿದಾರೆ,” ಎಂದಳು. “ಈಗ ಹೇಳಿದ್ರಲ್ಲ, ಅದನ್ನ ಅವರಿಗೂ ಹೇಳ್ತೀರಾ?”

“ಈಗ್ಲೇನಾ?”

“ಈಗ್ಲೇ. ಧೈರ್ಯ ಹೋಗೋದ್ರೊಳಗೆ.”

“ಯಾರದ್ದು?”

“ನನ್ನದು” ಎಂದಳು ಅವಳು, ಕೈ ಬಿಡದೆ.