ಎರಡೇ ಕೋಟು ಸಾಕಿತ್ತು

"ಟಿಶ್ಯೂ ಇದೆಯಾ?"

ಕೇಳಿದವರ ಮೂಗು ಕೆಂಪಗಿತ್ತು, ಕಣ್ಣು ಅದಕ್ಕಿಂತ ಕೆಂಪಗಿತ್ತು. ಪಾಪ, ನೆಗಡಿಯೋ, ಇಲ್ಲಾ ಯಾವಳಾದರೂ ಕೈಕೊಟ್ಟಳೋ ಅಂದುಕೊಂಡು, ಕೌಂಟರಿನ ಕೆಳಗಿದ್ದ ನನ್ನ ಸ್ವಂತ ಡಬ್ಬಿಯನ್ನೇ ಮುಂದಕ್ಕೆ ತಳ್ಳಿದೆ.

"ತಗೊಳ್ಳಿ. ದುಡ್ಡೇನೂ ಬೇಡ."

ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ನಗು ತಡೆದುಕೊಳ್ಳುವಾಗ ಎಡಗೆನ್ನೆ ಮಾತ್ರ ಒಂಚೂರು ಅದುರಿತು.

"ಮೂಗಿಗಲ್ಲ ಮೇಡಂ, ರೆಕ್ಕೆಗೆ."

ಹೀಗೆ ಶುರುವಾಯಿತು ನೋಡಿ ನಮ್ಮ ಕಥೆ. ಈಗಿನ ಹುಡುಗರು ಥರ್ಮಾಕೋಲಿನ ವಿಮಾನವನ್ನು ಪೆಟ್ಟಿಗೆಯಿಂದ ತೆಗೆದು, ಬ್ಯಾಟರಿ ಹಾಕಿ, ಕಾಫಿ ಆರುವುದರೊಳಗೆ ಹಾರಿಸಿಬಿಡುತ್ತಾರೆ. ಆಗ ಹಾಗಲ್ಲ. ಬಾಲ್ಸಾ ಅನ್ನುವ ಹಗುರ ಮರವನ್ನು ಬ್ಲೇಡಿನಲ್ಲಿ ಕೊಯ್ದು, ರೆಕ್ಕೆಗೆ ಒಂದೊಂದೇ ಪಕ್ಕೆಲುಬು ಮಾಡಿ ಅಂಟಿಸಿ, ಮೇಲೆ ತೆಳ್ಳನೆ ಟಿಶ್ಯೂ ಕಾಗದ ಹೊದಿಸಬೇಕಿತ್ತು. ನೀರು ಚಿಮುಕಿಸಿದರೆ ಆ ಕಾಗದ ಒಣಗುತ್ತಾ ಡೋಲಿನ ಹಾಗೆ ಬಿಗಿಯುತ್ತದೆ. ಅದರ ಮೇಲೆ ಡೋಪ್ ಅನ್ನುವ ವಾರ್ನಿಷ್ ಬಳಿಯಬೇಕು. ಉಗುರುಬಣ್ಣದಂಥ ವಾಸನೆ ಅದಕ್ಕೆ. ಇವತ್ತಿಗೂ ಮೊಮ್ಮಗಳು ಪಕ್ಕದಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಂಡರೆ ನಾನು ಎದ್ದು ಹೋಗುವುದಿಲ್ಲ, ಇನ್ನೂ ಹತ್ತಿರ ಸರಿಯುತ್ತೇನೆ.

ಅವರು ಹಿಂದಿನ ಬೀದಿಯ ರೇಡಿಯೋ ಮೆಕ್ಯಾನಿಕ್. ಕಣ್ಣು ಕೆಂಪಾದದ್ದು ಬಾಲ್ಸಾ ಉಜ್ಜಿದ ಪುಡಿಯಿಂದ, ಯಾವ ಹುಡುಗಿಯಿಂದಲೂ ಅಲ್ಲ. ಅದು ತಿಳಿದಾಗ ನನಗ್ಯಾಕೆ ಅಷ್ಟು ಸಮಾಧಾನವಾಗಬೇಕಿತ್ತೋ ಗೊತ್ತಿಲ್ಲ.

ನಮ್ಮದು ಕಾಗದದ ಅಂಗಡಿ. ಅಪ್ಪ ರೀಮು ಲೆಕ್ಕದಲ್ಲಿ ಮಾರುತ್ತಿದ್ದರು, ನಾನು ಹಾಳೆ ಲೆಕ್ಕದಲ್ಲಿ. ಗಾಜಿನ ಸಾಮಾನು ಸುತ್ತುವ ಟಿಶ್ಯೂ ತೆಗೆದು ಹರಡಿದೆ. ಅವರು ಒಂದೊಂದೇ ಹಾಳೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಇದರ ಎಳೆ ಯಾವ ಕಡೆಗೆ ಓಡುತ್ತೆ?"

ನಾನು ಮೂಲೆಯಲ್ಲಿ ಒಂದು ಚೂರು ಹರಿದು ತೋರಿಸಿದೆ. ಎಳೆಯ ಗುಂಟ ಹರಿದರೆ ಕಾಗದ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಗೆ. ವಿವರಿಸಿ ತಲೆಯೆತ್ತಿದರೆ ಈ ಮಹಾರಾಯರು ಕಾಗದ ನೋಡುತ್ತಲೇ ಇಲ್ಲ, ನನ್ನ ಬೆರಳು ನೋಡುತ್ತಿದ್ದಾರೆ. ಸಿಕ್ಕಿಬಿದ್ದ ಮೇಲೆ ಗಡಿಬಿಡಿಯಲ್ಲಿ, "ಇನ್ನೊಂದ್ಸಲ ಹರೀರಿ, ಸರಿಯಾಗಿ ಕಾಣಲಿಲ್ಲ," ಅಂದರು. ಹರಿದೆ. ಆ ದಿನ ಒಂದು ಇಡೀ ಹಾಳೆ ಚಿಂದಿಯಾಯಿತು.

ಮಾರನೇ ವಾರ ರೆಕ್ಕೆಯನ್ನೇ ಹೊತ್ತುಕೊಂಡು ಬಂದರು.

"ಒಂದು ಉಪಕಾರ ಮಾಡ್ತೀರಾ? ನನ್ನ ರೂಮ್ ತುಂಬ ಧೂಳು. ನಿಮ್ಮ ಕಾಗದ ಕತ್ತರಿಸೋ ಮೇಜು ಸಮತಟ್ಟಾಗಿದೆ. ಒಣಗೋ ತನಕ ಇದು ಅಲ್ಲಾಡಬಾರದು, ತಿರುಚಿಕೊಂಡು ಬಿಡುತ್ತೆ."

ಅಪ್ಪ ಕನ್ನಡಕದ ಮೇಲಿಂದ ನೋಡಿ, "ಇಟ್ಕೊಳ್ಳಪ್ಪ, ಅದಕ್ಕೇನು ಬಾಡಿಗೇನಾ," ಅಂದರು. ಅಂದಿನಿಂದ ಅಪ್ಪನ ಬಾಯಲ್ಲಿ ಇವರ ಹೆಸರು ವಿಮಾನ.

ಇಬ್ಬರೂ ಸೇರಿ ಕಾಗದ ಹೊದಿಸಿದೆವು. ಅವರು ಆ ತುದಿ ಹಿಡಿದರು, ನಾನು ಈ ತುದಿ. ಉಸಿರು ಬಿಟ್ಟರೆ ಸುಕ್ಕಾಗುವ ಕಾಗದ, ಹಾಗಾಗಿ ಇಬ್ಬರೂ ಉಸಿರು ಹಿಡಿದುಕೊಂಡೇ ಎದುರುಬದುರು ಬಗ್ಗಿದ್ದೆವು. ನಡುವೆ ಒಂದು ಗೇಣು ಅಂತರ. ಅವರ ರೆಪ್ಪೆಯ ಮೇಲೆ ಬಾಲ್ಸಾ ಪುಡಿ ಕೂತಿತ್ತು, ಒರೆಸಬೇಕು ಅನ್ನಿಸಿತು, ಎರಡೂ ಕೈಯಲ್ಲಿ ಕಾಗದವಿತ್ತು.

ಮೊದಲ ಕೋಟು ಡೋಪ್ ಬಳಿದಾದ ಮೇಲೆ ಕೇಳಿದೆ, "ಒಣಗೋಕೆ ಎಷ್ಟು ಹೊತ್ತು?"

ಅವರು ಗೋಡೆ ನೋಡಿ ಯೋಚಿಸಿದರು. "ಒಂದು ವಾರ."

"ವಾರಾನಾ?"

"ಹೂಂ. ಮಧ್ಯೆ ಮಧ್ಯೆ ಬಂದು ನೋಡ್ತಿರ್ಬೇಕು. ದಿನಾ ಬಂದ್ರೆ ಇನ್ನೂ ಒಳ್ಳೇದು."

ಅವರು ಹೋದ ಒಂದು ಗಂಟೆಗೆ ಮುಟ್ಟಿ ನೋಡಿದೆ. ಖಡಕ್ಕಾಗಿ ಒಣಗಿತ್ತು. ಹುಟ್ಟಿದ್ದೇ ಕಾಗದ, ಅಂಟಿನ ಮಧ್ಯೆ, ನನಗೆ ಹೇಳಿಕೊಡಬೇಕೆ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ಕುಡಿಯಲಿ ಅಂತ ಬಿಟ್ಟೆ.

ದಿನಾ ಸಂಜೆ ಬರುತ್ತಿದ್ದರು. ಯಾರದೋ ಕೆಟ್ಟ ರೇಡಿಯೋ ಕಥೆ ಹೇಳುವರು, ರೆಕ್ಕೆಯನ್ನು ಸವರುವರು, "ಇನ್ನೂ ಸ್ವಲ್ಪ ಹಸಿ ಇದೆ," ಎಂದು ಗಂಭೀರವಾಗಿ ಸುಳ್ಳು ಹೇಳುವರು. ನಾನೂ ಅಷ್ಟೇ ಗಂಭೀರವಾಗಿ "ಹೌದೌದು" ಅನ್ನುತ್ತಿದ್ದೆ. ಎಷ್ಟು ಸುಖದ ದಿನಗಳು ಅವು.

ಒಂದು ಸಂಜೆ ಅಪ್ಪ ಮಾತು ತೆಗೆದರು. ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ, ಮಳೆಗಾಲಕ್ಕೆ ಮುಂಚೆ ಅಂಗಡಿ ಮುಚ್ಚಿ ಅಕ್ಕನ ಊರಿಗೆ ಹೋಗಿಬಿಡೋಣ.

"ನಾನು?" ಅಂದೆ.

"ನೀನೊಬ್ಬಳೇ ಇಲ್ಲಿದ್ದು ಏನ್ ಮಾಡ್ತೀಯಮ್ಮ? ಇರೋಕೆ ಏನಾದ್ರೂ ಕಾರಣ ಇದ್ರೆ ಹೇಳು, ಇರು. ನಾನೇನು ಬೇಡ ಅಂತೀನಾ."

ಕಾರಣ ಹಿಂದಿನ ಬೀದಿಯಲ್ಲಿತ್ತು, ಆದರೆ ಅದು ಬಾಯಿ ಬಿಡಬೇಕಲ್ಲ. ಮಾರನೇ ದಿನ ಅವರು ಬ್ರಷ್ಷು ಅದ್ದುತ್ತಿದ್ದಾಗ ಹೇಳಿದೆ, "ಮಳೆಗಾಲಕ್ಕೆ ಮುಂಚೆ ಹೊರಟುಬಿಡ್ತೀವಿ. ಅಪ್ಪ, ನಾನು, ಇಬ್ರೂ."

ಬ್ರಷ್ಷು ಗಾಳಿಯಲ್ಲೇ ನಿಂತಿತು. ಒಂದು ಹನಿ ಡೋಪ್ ಟಿಶ್ಯೂ ಮೇಲೆ ಬಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಓ," ಅಂದರು. ಬಿದ್ದ ಹನಿಯನ್ನು ಬ್ರಷ್ಷಿನಿಂದ ಸವರುತ್ತಾ, "ಇನ್ನೊಂದು ಕೋಟು ಬೇಕಾಗುತ್ತೆ ಅನ್ಸುತ್ತೆ."

ಒಂದು ರೀಮು ಕಾಗದ ಎತ್ತಿ ತಲೆಗೆ ಎಸೆಯಬೇಕು ಅನ್ನಿಸಿತು ನನಗೆ.

ಆಮೇಲೆ ಅವರು ಬರುವುದೇ ಕಡಿಮೆಯಾಯಿತು. ಬಂದರೂ ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ಒಂದು ಕೋಟು ಬಳಿದು ಹೊರಡುತ್ತಿದ್ದರು. ಬರುವುದು ತಡವಾದ ದಿನ ನಾನೇನು ಮಾಡುತ್ತಿದ್ದೆ ಗೊತ್ತೇ? ಅಪ್ಪ ಒಳಗೆ ಹೋದದ್ದನ್ನು ನೋಡಿಕೊಂಡು, ಅದೇ ಬ್ರಷ್ಷು, ಅದೇ ಡಬ್ಬಿ ತೆಗೆದು ನಾನೇ ಒಂದು ಕೋಟು ಬಳಿಯುತ್ತಿದ್ದೆ. ಅವರು ಬರುವ ಹೊತ್ತಿಗೆ ಹಸಿಯಿದ್ದರೆ ಕಾದು ಕೂರಬೇಕಲ್ಲ, ಕೂತರೆ ಮಾತು ಬಂದೀತಲ್ಲ ಅಂತ ಆಸೆ.

ಒಮ್ಮೆ ಅವರ ಬೆರಳು ರೆಕ್ಕೆಗೆ ಅಂಟಿಕೊಂಡಿತು. ಕಕ್ಕಾಬಿಕ್ಕಿಯಾದರು. "ಇದು ಒಣಗಿರಬೇಕಿತ್ತಲ್ಲ..."

"ವಾರ ಬೇಕು ಅಂತ ನೀವೇ ಹೇಳಿದ್ರಿ," ಅಂದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರು ಸ್ಟೂಲು ಎಳೆದುಕೊಂಡು ಕೂತರು, ನಾನೂ ಎದುರಿಗೆ ಕೂತೆ. ರೆಕ್ಕೆ ಒಣಗಿತು, ಮಾತು ಮಾತ್ರ ಬರಲಿಲ್ಲ.

ನಾವು ಹೊರಡುವ ಹಿಂದಿನ ದಿನ ಭಾನುವಾರ. ಲಾರಿಗೆ ಹೇಳಿಯಾಗಿತ್ತು, ಕಪಾಟುಗಳು ಖಾಲಿಯಾಗಿದ್ದವು. ಅವತ್ತೇ ವಿಮಾನ ಹಾರಿಸುವುದೆಂದು ನಮ್ಮನ್ನು ಊರಾಚೆಯ ಮೈದಾನಕ್ಕೆ ಕರೆದರು. ವಿಮಾನದ ಹುಚ್ಚಿನವರು ಏಳೆಂಟು ಜನ ಅಲ್ಲಿದ್ದರು. ಅವರಲ್ಲಿ ಹಿರಿಯರು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್. ಹಾರುವ ಮುಂಚೆ ಎಲ್ಲರ ವಿಮಾನವನ್ನೂ ತಮ್ಮ ಹಳೇ ಪಾರ್ಸಲ್ ತಕ್ಕಡಿಯಲ್ಲಿ ತೂಗುವುದು ಅವರ ಪದ್ಧತಿ. ನಮ್ಮ ರೇಡಿಯೋ ಮೆಕ್ಯಾನಿಕ್ ಅವತ್ತು ಅದಕ್ಕೂ ನಿಲ್ಲಲಿಲ್ಲ.

ಇಂಜಿನ್ ಗುಂಯ್‌ಗುಟ್ಟಿತು. ಇವರು ನಾಲ್ಕು ಹೆಜ್ಜೆ ಓಡಿ ವಿಮಾನವನ್ನು ಗಾಳಿಗೆ ಬಿಟ್ಟರು. ಕೊಬ್ಬಿದ ಕೋಳಿ ಬೇಲಿ ದಾಟಲು ಹೊರಟ ಹಾಗೆ ಒಂದಷ್ಟು ದೂರ ಏದುಸಿರು ಬಿಡುತ್ತಾ ಹೋಗಿ, ಹುಲ್ಲಿನ ಮೇಲೆ ಕೂತುಬಿಟ್ಟಿತು. ಇನ್ನೊಮ್ಮೆ ಬಿಟ್ಟರು. ಇನ್ನೊಮ್ಮೆ ಕೂತಿತು.

"ತನ್ನಿ ಇಲ್ಲಿ," ಎಂದು ಪೋಸ್ಟ್‌ಮಾಸ್ಟರ್ ತಕ್ಕಡಿಗೆ ಹಾಕಿದರು. ಮುಳ್ಳು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ರೆಕ್ಕೆಯ ಮೇಲೆ ಉಗುರು ಬಡಿದರೆ ತಗಡಿನ ಸದ್ದು ಬಂತು.

"ಏನ್ರೀ ಇದು, ಟಿಶ್ಯೂನೋ ಹಲಗೇನೋ? ಎಷ್ಟು ಕೋಟು ಬಳಿದ್ರಿ? ಎರಡೇ ಸಾಕಿತ್ತು. ಎರಡನೇ ದಿನಕ್ಕೆ ಕೆಲ್ಸ ಮುಗೀತಿತ್ತು."

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು. ಇವರ ಕಿವಿ ಕೆಂಪಾಯಿತು. ವಿಮಾನ ನೋಡಿಕೊಂಡೇ ಹೇಳಿದರು, "ಒಂದು ಮಾತು ಕೇಳ್ಬೇಕು ಅಂತ ಹೋಗ್ತಿದ್ದೆ ಸರ್, ಅವರ ಅಂಗಡಿಗೆ. ಕೇಳೋಕೆ ಧೈರ್ಯ ಬರದೇ ಇದ್ದಾಗೆಲ್ಲ ಒಂದು ಕೋಟು ಬಳಿದು ಬರ್ತಿದ್ದೆ."

ಏಳೆಂಟು ಜನ ಗಂಡಸರು ಒಟ್ಟಿಗೆ ಆಕಾಶ ನೋಡತೊಡಗಿದರು.

"ಆದ್ರೂ ಇಷ್ಟೊಂದಾಗಲ್ಲವಲ್ಲ," ಎಂದು ಪೋಸ್ಟ್‌ಮಾಸ್ಟರ್ ಇನ್ನೂ ಮುಳ್ಳನ್ನೇ ನೋಡುತ್ತಿದ್ದರು. "ಧೈರ್ಯ ಅಷ್ಟೊಂದು ಸಲ ಕೈಕೊಡ್ತಾ?"

ಇವರು ತಲೆ ಕೆರೆದುಕೊಂಡರು. ಲೆಕ್ಕ ಅವರಿಗೂ ಹತ್ತಲಿಲ್ಲ. ಇನ್ನು ಸುಮ್ಮನಿದ್ದರೆ ನಾಳೆ ಲಾರಿ ಬರುತ್ತದೆ.

"ಉಳಿದದ್ದು ನಾನು," ಅಂದೆ.

ಇವರು ನನ್ನ ಕಡೆ ತಿರುಗಿ ನೋಡಿದ ಆ ನೋಟ ಇದೆಯಲ್ಲ, ಅದಕ್ಕೆ ನಾನು ಇಡೀ ಅಂಗಡಿಯ ಕಾಗದ ಕೊಟ್ಟುಬಿಡುತ್ತಿದ್ದೆ. ಅಂಟಿದ ಬೆರಳು, ಒಣಗದ ರೆಕ್ಕೆ, ಎಲ್ಲವೂ ಒಂದೊಂದಾಗಿ ಅವರಿಗೆ ಅರ್ಥವಾಗುತ್ತಾ ಹೋದದ್ದು ಮುಖದ ಮೇಲೆ ಕಾಣುತ್ತಿತ್ತು.

ಪೋಸ್ಟ್‌ಮಾಸ್ಟರ್ ವಿಮಾನವನ್ನು ತಕ್ಕಡಿಯಿಂದ ಮೆಲ್ಲಗೆ ಇಳಿಸಿದರು. "ಹಾಗಿದ್ರೆ ತೂಕ ಸರಿಯಾಗೇ ಇದೆ ಬಿಡಿ."

ಅಪ್ಪ ಮಂಡಿ ಹಿಡಿದುಕೊಂಡು ಎದ್ದು ನಿಂತರು. "ಏನಮ್ಮ, ಲಾರಿಯವನಿಗೆ ಚಿಕ್ಕ ಗಾಡಿ ಸಾಕು ಅಂತ ಹೇಳ್ಲಾ?"

"ನನಗೇನು ಗೊತ್ತು ಅಪ್ಪಾ," ಅಂದೆ. ಸಿಟ್ಟು ಬಂದಿತ್ತು. "ಇವರು ಇನ್ನೂ ಬಾಯಿ ಬಿಟ್ಟು ಏನೂ ಕೇಳೇ ಇಲ್ಲ."

ಇವರು ನನ್ನ ಹತ್ತಿರ ಬಂದರು. ಕೈಯಲ್ಲಿ ಇನ್ನೂ ವಿಮಾನ ನಡೆಸುವ ರಿಮೋಟಿನ ಡಬ್ಬಿ ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಅಪ್ಪನ ಕೈಗೇ ಕೊಟ್ಟರು.

"ನೀವು..." ಎಂದು ಶುರುಮಾಡಿ ನಿಲ್ಲಿಸಿದರು. ಅಷ್ಟು ದಿನಗಳಿಂದ ನೀವು, ಮೇಡಂ, ತಗೊಳ್ಳಿ, ಬರ್ತೀನಿ ಅಂತಲೇ ಮಾತಾಡಿದ ಮನುಷ್ಯ. ಆಮೇಲೆ ಅಷ್ಟೂ ಜನರ ಎದುರಿಗೆ, ಅಪ್ಪನ ಎದುರಿಗೇ, ಮೆಲ್ಲಗೆ ಹೇಳಿದರು.

"ಹೋಗ್ಬೇಡ ಕಣೇ."

ನಾನು ಹೋಗಲಿಲ್ಲ.