ವಾಣಿ ಕೇಳಿದ್ದು

"ಅಮ್ಮನ ಚಿಂತೆ ಬಿಡು, ಮುಂದಿನ ತಿಂಗಳಿಂದ ವಾಣಿ ಮನೇಲೇ ಇರ್ತಾಳೆ" ಎಂದು ಜ್ಞಾನೇಶ್ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ಹೆಂಡತಿ ವಾಣಿಯ ಕಿವಿಗೆ ಬಿತ್ತು. ರೊಟ್ಟಿ ತಟ್ಟುತ್ತಿದ್ದ ಕೈ ಅಲ್ಲಿಗೇ ನಿಂತಿತು... ಅವಳನ್ನು ಒಂದು ಮಾತು ಕೇಳಿರಲಿಲ್ಲ!

ಅತ್ತೆ ಶಂಕರಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ರವೀಂದ್ರನಗರದ ಆ ಮನೆಯ ನಡುಕೋಣೆಯಲ್ಲಿ ಮಲಗಿದ್ದರು. ವಾಣಿ ದಿನವೂ ಬಸ್ಸು ಹಿಡಿದು ಭದ್ರಾವತಿಯ ಆಸ್ಪತ್ರೆಯೊಂದರ ಲ್ಯಾಬಿಗೆ ಹೋಗಿಬರುತ್ತಿದ್ದಳು. ಮದುವೆಯಾದಾಗಿನಿಂದ ಯಾರು ಏನೇ ಹೇಳಿದರೂ ಹೂಂಗುಟ್ಟಿದವಳು. ಒಳ್ಳೆಯ ಸೊಸೆ ಎಂಬ ಹೆಸರು ಬಂದದ್ದೂ ಹಾಗೆಯೇ. ಅಂದು ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ದಾರಿಯಲ್ಲಿ ಮಲವಗೊಪ್ಪ ದಾಟುವ ಹೊತ್ತಿಗೆ ಅಳು ನಿಂತು ಯೋಚನೆಯೊಂದು ಹತ್ತಿಕೊಂಡಿತು: ತನಗೆ ಬೇಕಾದ್ದನ್ನು ತಾನು ಯಾರಿಗಾದರೂ, ಎಂದಾದರೂ ಬಾಯಿಬಿಟ್ಟು ಹೇಳಿದ್ದುಂಟೇ?

ಲ್ಯಾಬಿನ ಮುಖ್ಯಸ್ಥ ಚಂದ್ರಶೇಖರಪ್ಪನವರ ಮುಂದೆ ಕುಳಿತಳು. ಮಧ್ಯಾಹ್ನಕ್ಕೆ ಮುಗಿಯುವ ಬೆಳಗಿನ ಪಾಳಿ ಕೇಳಿದಳು. ಅದು ಹಿರಿಯರಿಗೆ, ನೀವು ಬೇಕಿದ್ದರೆ ರಜೆ ಹಾಕಿ ಎಂದರು ಅವರು. ಎಂದಿನ ವಾಣಿಯಾಗಿದ್ದರೆ ಆಯ್ತು ಸಾರ್ ಎಂದು ಎದ್ದುಬಿಡುತ್ತಿದ್ದಳು.

"ರಜೆ ಬೇಡ ಸಾರ್, ಕೆಲಸ ಬೇಕು. ಬೆಳಗಿನ ಪಾಳಿ ಕೊಟ್ರೆ, ಯಾರೂ ಒಪ್ಪದ ಭಾನುವಾರ ನಾನು ಬರ್ತೀನಿ."

ಇಷ್ಟು ಹೇಳಿ, ಏಳದೆ ಕುಳಿತೇ ಇದ್ದಳು. ಕೊನೆಗೆ ಅವರು ಒಪ್ಪಿ ತಲೆಯಾಡಿಸಿದರು.

ಸಂಜೆ ಅತ್ತೆಯ ಮಂಚದ ಬಳಿಯೇ ನಿಂತು ಗಂಡನಿಗೆ ಹೇಳಿದಳು. "ಕೆಲಸ ಬಿಡಲ್ಲ ರೀ. ಮಧ್ಯಾಹ್ನದ ಮೇಲೆ ಅತ್ತೆ ನನ್ನ ಪಾಲು. ಬೆಳಗ್ಗೆ, ಭಾನುವಾರ ನಿಮ್ಮದು. ಸ್ವಂತ ಅಂಗಡಿ, ತಡವಾಗಿ ತೆಗೀಬಹುದು."

ಜ್ಞಾನೇಶನ ಮುಖ ಕೆಂಪಾಯಿತು. ಗಂಡಸು ತಾಯಿಯ ಬಟ್ಟೆ ಬದಲಿಸುವುದೆಂದರೇನು, ಓಣಿಯವರು ಏನಂದಾರು ಎಂದು ದನಿಯೇರಿಸಿದ. ವಾಣಿ ದನಿಯೇರಿಸಲಿಲ್ಲ, ಆಡಿದ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

"ನನ್ನನ್ನ ಯಾರಾದ್ರೂ ಕೇಳಿದ್ರೇನಪ್ಪ?" ಎಂದರು ಶಂಕರಮ್ಮ. ಇಬ್ಬರೂ ತಿರುಗಿದರು. "ಕೆಲಸ ಬಿಟ್ಟು ಇವಳು ದಿನವಿಡೀ ನನ್ನ ಮುಂದೆ ಮುಖ ಗಂಟಿಕ್ಕಿಕೊಂಡು ಕೂತ್ರೆ ನಂಗೆ ಗುಣ ಆಗುತ್ತಾ? ಬಟ್ಟೆ ಬದಲಿಸೋಕೆ ಬೆಳಗ್ಗೆ ಒಬ್ಬ ಹೆಂಗಸನ್ನ ಗೊತ್ತುಮಾಡು. ಗಂಜಿ ಮಾತ್ರ ನೀನೇ ಕೊಡು. ನನ್ನ ಹತ್ರ ಕೂತು ಮಾತಾಡಿ ಎಷ್ಟು ವರ್ಷ ಆಯ್ತೋ ಮಗನೇ..."

ಜ್ಞಾನೇಶ್ ತಾಯಿಯ ಕಾಲ ಬಳಿ ಕುಳಿತು ಹೊದಿಕೆ ಸರಿಪಡಿಸಿದ.

ಮೊದಲ ಭಾನುವಾರ ವಾಣಿ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ತವರಿಗೆ ಹೋಗಿಬರಲು ಅವಳಿಗಿದ್ದದ್ದು ಅದೊಂದೇ ದಿನ, ಇನ್ನು ಅದಿಲ್ಲ. ಕಣ್ಣು ತುಂಬಿತು. ಒಳಗೆ ಜ್ಞಾನೇಶ್ ಗಂಜಿಗೆ ಉಪ್ಪು ಎಷ್ಟೆಂದು ಕೇಳುತ್ತಿದ್ದ. ಉತ್ತರ ಅವಳ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ಶಂಕರಮ್ಮ ಹೇಳಿಕೊಡುತ್ತಿದ್ದರು. ಅವಳು ಗೇಟು ಮುಂದಕ್ಕೆಳೆದು ಬಸ್ಸಿಗೆ ಹೊರಟಳು.