ಹೊಲದಲ್ಲಿರುವ ನನ್ನ ಕಿಡ್ನಿ

ನನ್ನ ದೇಹದ ಒಂದು ತುಂಡು ಈಗಾಗಲೇ ಮಣ್ಣು ಸೇರಿದೆ. ತಮ್ಮ ಚನ್ನೇಶನಿಗೆ ಕಿಡ್ನಿ ಕೊಟ್ಟಿದ್ದೆ. ಹೋದ ವರ್ಷ ಅವನು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಮಾಸೂರಿನ ಹೊಲದಲ್ಲೇ ಕೂರಿಸಿ ಮಣ್ಣು ಕೊಟ್ಟೆವು. ನನ್ನಲ್ಲಿ ಉಳಿದ ಕಿಡ್ನಿ ಚೆನ್ನಾಗಿದೆ ಎಂದು ಡಾಕ್ಟರು ವರ್ಷವರ್ಷವೂ ಹೇಳುತ್ತಾರೆ. ಹೋದದ್ದನ್ನು ಯಾರೂ ಕೇಳುವುದಿಲ್ಲ.

ಮೊನ್ನೆ ಮಧ್ಯಾಹ್ನ ಶಿಗ್ಗಾಂವಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಮುಂದೆ ಬೆವರುತ್ತಿದ್ದರೂ ಆಪರೇಷನ್ನಿನ ಹೊಲಿಗೆಯ ಜಾಗ ಮಾತ್ರ ತಣ್ಣಗಾಯಿತು. ಮುಟ್ಟಿದರೆ ಸೀರೆ ಒದ್ದೆಯಾಗಿತ್ತು. ಬೆರಳಿಗೆ ಕೆಸರಿನ ವಾಸನೆ ಹತ್ತಿತು.

ಅಷ್ಟರಲ್ಲಿ ಚನ್ನೇಶನ ಹೆಂಡತಿ ಸುಜಾತಾ ಫೋನ್ ಮಾಡಿದಳು.

"ಅಕ್ಕಾರ, ಕೆರಿ ನೀರು ಬಿಟ್ಟಾರ. ಸಮಾಧಿ ಒಳಗ ಇಳ್ಯಾಕತ್ತೈತ್ರಿ."

"ಲಗೂನ ಒಡ್ಡು ಹಾಕಸವ್ವಾ, ನನಗ ಥಂಡಿ ತಡಕೊಳ್ಳಾಕ ಆಗವಲ್ದು," ಎಂದುಬಿಟ್ಟೆ.

ಆಳುಗಳನ್ನು ಕೂಗುತ್ತಲೇ ಅವಳು ಫೋನ್ ಇಟ್ಟಳು.

ಸಂಜೆ ಹೊತ್ತಿಗೆ ಪಕ್ಕೆ ಬೆಚ್ಚಗಾಯಿತು. ಸೀರೆ ಒಗೆದೆ. ಬಕೆಟ್ಟಿನ ತಳದಲ್ಲಿ ಹೊಲದ ಕರಿಮಣ್ಣು ನಿಂತಿತ್ತು.